ಕೊಯ್ಯದೆ ಉಳಿಸಿದ್ದ ಹರಿಗೋಲು

ಸುಲ್ತಾನ್ ಬತ್ತೇರಿಯ ಕಡೆಯಿಂದ ಬರುವ ಬಸ್ಸು ಗುಂಡ್ಲುಪೇಟೆಯ ನಿಲ್ದಾಣದಲ್ಲಿ ಬಂದು ನಿಂತಾಗ, ಇಳಿಯುವ ಗಂಡಸರ ಕೈಗಳನ್ನು ನೋಡುವ ಚಾಳಿ ನನಗಿದೆ. ಮುಖ ನೋಡುವುದಿಲ್ಲ. ನಾನು ಹುಡುಕುವವನ ಮುಖ ನನಗೆ ಗೊತ್ತೇ ಇಲ್ಲ. ಬಲಗೈಯಲ್ಲಿ ಬೆಳ್ಳಿಯ ಕಡಗ ಇದೆಯೇ ಎಂದಷ್ಟೇ ನೋಡುತ್ತೇನೆ. "ಯಾರ ಕಡಗ ಕದಿಯೋಕೆ ನಿಂತಿದೀರಿ?" ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು. ಒಂದು ಸಲ ಅವಳಿಗೆ ಈ ಕಥೆ ಹೇಳಿದೆ. ಆಮೇಲೆ ಅವಳೂ ನೋಡತೊಡಗಿದಳು.

ಐವತ್ತರ ದಶಕದ ನಡುವಿನ ಮಾತು. ನಾನು ಚಾಮರಾಜನಗರದಲ್ಲಿ ಮೀನಿನ ಇಲಾಖೆಯ ನೌಕರ. ಹುಟ್ಟಿದ್ದು ಭೀಮನಬೀಡಿನ ಬೇಸಾಯಗಾರರ ಮನೆಯಲ್ಲಿ. ನೀರು ಬಾವಿಯಲ್ಲಿರಬೇಕು, ಎತ್ತು ಕಟ್ಟಿ ಕಪಿಲೆ ಹೂಡಿದರೆ ಮೇಲೆ ಬರಬೇಕು, ಹೊಲಕ್ಕೆ ಹರಿದು ಇಂಗಬೇಕು. ಅದಕ್ಕಿಂತ ಹೆಚ್ಚಿನ ಸಲಿಗೆ ನಮ್ಮ ಮನೆಯಲ್ಲಿ ಯಾರಿಗೂ ನೀರಿನೊಂದಿಗೆ ಇರಲಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವಾಗ ಈಜು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಸಂಬಳ ಬರುತ್ತದೆ ಎಂದ ಮೇಲೆ ನಾನೂ ಆ ಸುದ್ದಿ ಎತ್ತಲಿಲ್ಲ.

ನಮ್ಮ ಸಾಹೇಬರು ಮದರಾಸಿನಲ್ಲಿ ಓದಿ ಬಂದವರು. ಒಳ್ಳೆಯವರು, ಆದರೆ ಹಿಡಿದ ಹಟ ಬಿಡುವವರಲ್ಲ. ಕೆರೆಗಳಿಗೆ ಹೊಸ ಜಾತಿಯ ಮೀನಿನ ಮರಿ ಬಿಡಬೇಕು, ಅದಕ್ಕೆ ಮೊದಲು ಕೆರೆಯೊಳಗೆ ಈಗಾಗಲೇ ಯಾವ ಮೀನು ಎಷ್ಟಿದೆ ಎಂದು ತಿಳಿಯಬೇಕು ಎನ್ನುವುದು ಅವರ ಹಟ. ಇಲಾಖೆಯ ಬಳಿ ಒಂದು ದೋಣಿಯೂ ಇರಲಿಲ್ಲ, ಬಲೆಯೂ ಇರಲಿಲ್ಲ. "ಸಮುದ್ರದಲ್ಲೂ ಹೀಗೇ ಕಣ್ರಿ," ಎನ್ನುತ್ತಿದ್ದರು ಸಾಹೇಬರು. "ಮೀನು ಹಿಡಿದು ಮಾರುವವರ ದೋಣಿಯನ್ನೇ ಬಾಡಿಗೆಗೆ ಹಿಡಿಯಬೇಕು. ದೋಣಿ ಅವರದು, ಬಲೆ ಅವರದು, ಎಲ್ಲಿಗೆ ಹೋಗಬೇಕು ಅನ್ನೋದು ಮಾತ್ರ ನಮ್ಮದು." ನಮ್ಮ ಸೀಮೆಯಲ್ಲಿ ದೋಣಿ ಎಂದರೆ ಹರಿಗೋಲು. ಬಿದಿರಿನ ಬುಟ್ಟಿಗೆ ಎಮ್ಮೆಯ ಚರ್ಮ ಹೊದಿಸಿ ಹೊಲಿದದ್ದು.

ತೆರಕಣಾಂಬಿಯಿಂದ ಆಚೆಗಿರುವ ಒಂದು ಊರಿನ ಕೆರೆಯನ್ನು ಸಾಹೇಬರು ಆರಿಸಿಕೊಂಡರು. ಊರಿನ ಹೆಸರು ಬೇಡ, ಅಲ್ಲಿಯವರು ಇನ್ನೂ ಇದ್ದಾರೆ. ಹರಿಗೋಲು ಗೊತ್ತು ಮಾಡಲು ಮೊದಲು ಹೋದವನು ನಾನು. ಬೆಸ್ತರ ಬೀದಿಯಲ್ಲಿ ಹರಿಗೋಲುಗಳೇನೋ ಇದ್ದವು. ಆದರೆ ಅವೆಲ್ಲ ಕೆರೆಯ ಮೀನನ್ನು ಹರಾಜಿನಲ್ಲಿ ಕೂಗಿದ್ದ ಗುತ್ತಿಗೆದಾರನ ಕೆಲಸಕ್ಕೆ ಹೋಗಿದ್ದವು. ಏರಿಯ ಕೆಳಗೆ ಹುಣಸೆಮರದ ನೆರಳಿನಲ್ಲಿ ಒಂದೇ ಒಂದು ಬೋರಲಾಗಿ ಮಲಗಿತ್ತು. ಚರ್ಮಕ್ಕೆ ಹೊಸದಾಗಿ ಎಣ್ಣೆ ತಿಕ್ಕಿದ್ದರು. ಇದು ಯಾರದು ಎಂದು ಕೇಳಿದೆ. ಪಕ್ಕದಲ್ಲಿ ಬಲೆ ಒಣಗಿಸುತ್ತಿದ್ದ ಮುದುಕರು ಕೇಳಿಸದವರ ಹಾಗೆ ಕೆಲಸ ಮುಂದುವರಿಸಿದರು. ನಾನು ಮತ್ತೆ ಕೇಳಿದೆ, ಸ್ವಲ್ಪ ಗಡುಸಾಗಿ. ಆ ವಯಸ್ಸಿನಲ್ಲಿ ನನಗೆ ಸರ್ಕಾರವೇ ನಾನು ಎನ್ನುವ ಧಿಮಾಕಿತ್ತು.

"ಅದು ಬ್ಯಾಡ ಸ್ವಾಮಿ," ಎಂದರು ಒಬ್ಬರು. "ಒಡೆಯ ಇಲ್ದೇ ಇರೋ ಅರಿಗೋಲು ಅದು. ಅವನ್ನ ಹುಡಿಕ್ಕಂಡು ಓಯ್ತದೆ. ಜೊತೇಲಿ ಕೂತ್ಕಂಡಿರೋರ್ನೂ ಕರ್ಕೊಂಡು ಓಯ್ತದೆ."

ಆ ಬೀದಿಯ ಪದ್ಧತಿ ಆಗ ನನಗೆ ತಿಳಿಯಿತು. ಹರಿಗೋಲಿನ ಒಡೆಯ ಸತ್ತರೆ, ತಿಥಿಯ ದಿನ ಅದರ ಚರ್ಮವನ್ನು ಅಂಚಿನಿಂದ ಅಂಚಿಗೆ ಕೊಯ್ದು ದಡದಲ್ಲಿ ಬಿಟ್ಟುಬಿಡುತ್ತಾರೆ. ಮಗನೂ ಅದನ್ನು ಹತ್ತುವುದಿಲ್ಲ, ಹೊಸದು ಕಟ್ಟಿಕೊಳ್ಳುತ್ತಾನೆ. ಈ ಹರಿಗೋಲಿನವನು ಹಿಂದಿನ ಮಳೆಗಾಲದಲ್ಲಿ ಬಲೆ ಬಿಡಲು ಹೋದವನು ಮರಳಿರಲಿಲ್ಲ. ಬೆಳಿಗ್ಗೆ ನೋಡಿದರೆ ಹರಿಗೋಲು ತೂಬಿನ ಹತ್ತಿರ ಒಂದೇ ತೇಲುತ್ತಿತ್ತು. ತೂಬಿನ ಮುಂದೆ ಒಂದು ಮಡು ಇದೆ, ಕೆರೆಯಲ್ಲೆಲ್ಲ ಆಳವಾದ ಜಾಗ. ಅಲ್ಲಿಗೇ ಬಿದ್ದ ಎಂದು ಊರು ತೀರ್ಮಾನಿಸಿತು. ಮುಳುಗಿ ಹುಡುಕಿದರು, ಹೆಣ ಸಿಗಲಿಲ್ಲ, ಮೇಲಕ್ಕೂ ಬರಲಿಲ್ಲ. ಅಂದಿನಿಂದ ಆ ಮಡುವಿಗೆ ಯಾರೂ ಬಲೆ ಬಿಟ್ಟಿರಲಿಲ್ಲ.

ಅವನ ಹೆಂಡತಿ ಮಾತ್ರ ಒಪ್ಪಲಿಲ್ಲ. ಹರಿಗೋಲು ಕೊಯ್ಯಲು ಬಂದವರನ್ನು ಅಟ್ಟಿದಳಂತೆ. ಬತ್ತೇರಿಯ ಸಂತೆಗೆ ಗಾಡಿ ಹೊಡೆಯುತ್ತಿದ್ದವನೊಬ್ಬ ಅಲ್ಲಿ ಹಿಂದಿನಿಂದ ಅವನಂತೆಯೇ ಕಾಣುವವನನ್ನು ನೋಡಿದೆ, ಕೂಗಿದರೆ ತಿರುಗಲಿಲ್ಲ ಎಂದಿದ್ದ. ನಮ್ಮ ಕಡೆಯಿಂದ ಮೆಣಸು ಬಿಡಿಸಲು, ತೋಟದ ಕೂಲಿಗೆ ವೈನಾಡಿಗೆ ಹೋಗುವುದು ಹೊಸತೇನಲ್ಲ. ಮನೆಯಲ್ಲಿ ಜಗಳವಾಡಿ ಹೋದವರು, ಸಾಲ ಮಾಡಿ ಹೋದವರು, ಸುಮ್ಮನೆ ಹೋದವರು, ಎಲ್ಲರೂ ಉಂಟು.

ಆಕೆ ತಾನಾಗಿಯೇ ನನ್ನ ಹತ್ತಿರ ಬಂದಳು. ಮೂವತ್ತರ ಆಚೀಚಿನ ಹೆಂಗಸು, ಹಣೆಯಲ್ಲಿ ಕಾಸಿನಗಲ ಕುಂಕುಮ, ಎರಡೂ ಕೈತುಂಬ ಹಸಿರು ಬಳೆ. ಹಿಂದೆ ಅವಳ ಗಂಡನ ತಮ್ಮ ತಲೆ ತಗ್ಗಿಸಿಕೊಂಡು ನಿಂತಿದ್ದ.

"ಅರಿಗೋಲು ನನ್ ಗಂಡಂದು ಸ್ವಾಮಿ. ಅವ್ನು ಬರೋಗಂಟ ಸುಮ್ನೆ ಬಿದ್ದಿರ್ತದೆ. ಬಾಡಿಗೆಗೆ ತಕ್ಕೊಳಿ. ನನ್ ಮೈದ ಹುಟ್ಟಾಕ್ತಾನೆ. ಬಲೇನೂ ನಮ್ದೇ, ನಾನೇ ಎಣೆದಿರೋದು."

"ಅತ್ಗಮ್ಮ, ಬ್ಯಾಡ ಕಣ, ಬುಟ್ಬುಡು," ಎಂದ ಮೈದ.

"ನೀನು ಬಾಯ್ಮುಚ್ಚು. ಸರ್ಕಾರದೋರೇ ನಿಮ್ಮಣ್ಣನ ಅರಿಗೋಲು ಬಾಡಿಗೆಗೆ ಇಡಿದ್ಮೇಲೆ, ಅವ್ನು ಸತ್ತವ್ನೆ ಅನ್ನೋರು ಯಾರ್ಲಾ?"

ಆ ಮಾತಿನ ಭಾರ ನನಗೆ ಆಗ ಹೊಳೆಯಲಿಲ್ಲ. ಸಾಹೇಬರು ಹರಿಗೋಲು ಕೇಳಿದ್ದರು, ಹರಿಗೋಲು ಸಿಕ್ಕಿತ್ತು. ನನ್ನ ಕೆಲಸ ಮುಗಿದ ಸಂತೋಷದಲ್ಲಿ ಆಗಲಿ ಎಂದೆ.

ಆದರೆ ಅದರ ಫಲ ಕಣ್ಣೆದುರೇ ಕಂಡಿತು. ಅವಳನ್ನು ಆ ಬೀದಿಯ ಹೆಂಗಸರು ಮುತ್ತೈದೆ ಎನ್ನಲೂ ಆರದೆ, ವಿಧವೆ ಎನ್ನಲೂ ಆರದೆ ಒಂದು ವರ್ಷ ಕಳೆದಿದ್ದರು. ಮದುವೆಮನೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಅವಳ ಮುಂದೆ ಬಂದಾಗ ಹಿಡಿದವರು ಬೇರೆ ಕಡೆ ನೋಡುತ್ತ ದಾಟಿಬಿಡುತ್ತಿದ್ದರಂತೆ. ನಮ್ಮ ಕೆಲಸ ಶುರುವಾದ ವಾರದಲ್ಲಿ ಆ ಬೀದಿಯಲ್ಲಿ ಮೈನೆರೆದ ಹುಡುಗಿಯೊಬ್ಬಳಿಗೆ ಆರತಿ ಮಾಡಿದರು. ಮಾರನೆಯ ಬೆಳಿಗ್ಗೆ ಆಕೆ ದಡಕ್ಕೆ ಬಂದವಳೇ ಸೆರಗಿನ ಗಂಟು ಬಿಚ್ಚಿ ವೀಳ್ಯದೆಲೆ ಅಡಿಕೆ ತೋರಿಸಿದಳು. "ಕೊಟ್ರು ಕಣ ಸ್ವಾಮಿ. ಕರ್ದು ಕೊಟ್ರು," ಎಂದಳು. ಅಂಥ ಹೆಮ್ಮೆಯ ನಗು ನಾನು ಅವಳ ಮುಖದಲ್ಲಿ ನೋಡಿದ್ದು ಅದೊಂದೇ ಸಲ.

ಕೆಲಸದ ಕ್ರಮ ಹೀಗಿತ್ತು. ಸಾಹೇಬರು ಕೆರೆಯ ನಕ್ಷೆಯ ಮೇಲೆ ಗೆರೆ ಎಳೆದು ಚೌಕ ಮಾಡಿದ್ದರು. ಸಂಜೆ ಒಂದು ಚೌಕದಲ್ಲಿ ಬಲೆ ಬಿಡುವುದು, ಬೆಳಿಗ್ಗೆ ಎತ್ತುವುದು, ಸಿಕ್ಕ ಮೀನನ್ನು ಬೇರೆ ಬೇರೆ ಮಾಡಿ ಅಳೆದು ತೂಗುವುದು. ಮರುದಿನ ಪಕ್ಕದ ಚೌಕ. ಅದೇ ಬಲೆ, ಅಷ್ಟೇ ಹೊತ್ತು. ಯಾವ ಚೌಕವನ್ನೂ ಬಿಡುವಂತಿಲ್ಲ. ಮೈದನಿಗೆ ಇದು ಶುದ್ಧ ಹುಚ್ಚಾಟವಾಗಿ ಕಂಡಿತು.

"ಅಲ್ಲಿ ಬರೀ ಕಲ್ಲು ಸ್ವಾಮಿ, ಮೀನೇ ಇಲ್ಲ. ಕೋಡಿ ಕಡೀಕ್ ಬನ್ನಿ, ಬುಟ್ಟಿ ತುಂಬ ಗೆಂಡೆ ತೋರುಸ್ತೀನಿ."

"ಇಲ್ಲ ಅನ್ನೋದನ್ನೂ ಬಲೆ ಬಿಟ್ಟೇ ತಿಳ್ಕೋಬೇಕಪ್ಪ," ಎಂದರು ಸಾಹೇಬರು. "ಬರಿ ಬಲೆ ಬಂದರೆ ಅದೂ ಒಂದು ಉತ್ತರವೇ."

ಸರ್ಕಾರದ ಮುಂದೆ ಬರಿ ಬಲೆ ಎತ್ತುವುದು ಅವನಿಗೆ ಅವಮಾನ. ಮೊದಲ ದಿನ ಕಲ್ಲಿನ ಚೌಕದಿಂದ ಬಲೆ ಎತ್ತಿದಾಗ ನಾಲ್ಕು ದಪ್ಪ ಕೊರಮ ಮೀನು ಒದ್ದಾಡುತ್ತಿದ್ದವು. ಸಾಹೇಬರು ಹಿಗ್ಗಿ ಹೋದರು. ನಾನು ನೋಡಿದರೆ ಒಂದಕ್ಕೆ ಕಿವಿರಿನಲ್ಲಿ ಬಾಳೆನಾರು ಹಾಗೇ ಸಿಕ್ಕಿಕೊಂಡಿತ್ತು. ಗುತ್ತಿಗೆದಾರನ ಕಡೆಯವರಿಂದ ಕೇಳಿ ತಂದು ಮೊದಲೇ ಬಲೆಯೊಳಗೆ ಸೇರಿಸಿದ್ದ, ಪುಣ್ಯಾತ್ಮ. ಬೈದದ್ದಕ್ಕೆ, "ಮನೆಗ್ ಬಂದೋರ್ಗೆ ಬರೀ ತಟ್ಟೆ ಇಕ್ತಾರಾ?" ಎಂದು ನನ್ನನ್ನೇ ಕೇಳಿದ. ಅತ್ತಿಗೆ ಏರಿಯ ಮೇಲೆ ನಿಂತು ಬಿದ್ದು ಬಿದ್ದು ನಕ್ಕಳು.

ಅವಳು ಪ್ರತಿ ಬೆಳಿಗ್ಗೆ ಬಂದು ಏರಿಯ ಮೇಲೆ ನಿಲ್ಲುತ್ತಿದ್ದಳು. ಬಲೆ ದಡಕ್ಕೆ ಬಂದ ಕೂಡಲೇ ಇಳಿದು ಬಂದು ಎಳೆ ಎಳೆಯಾಗಿ ನೋಡುತ್ತಿದ್ದಳು. ತನ್ನ ಬಲೆ ಹರಿದಿದೆಯೇ ಎಂದು ನೋಡುತ್ತಾಳೆ ಎಂದುಕೊಂಡೆ. ಒಂದು ದಿನ ಕೆಸರಿನ ಉಂಡೆಯೊಂದನ್ನು ಬೆರಳಿನಿಂದ ಒಡೆದು ಒಳಗೆ ಏನಿದೆ ಎಂದು ನೋಡುವುದನ್ನು ಕಂಡೆ. ಏನು ಹುಡುಕುತ್ತೀಯಮ್ಮ ಎಂದೆ. "ಬಲಗೈಲಿ ಬೆಳ್ಳಿ ಕಡಗ ಆಕಿದ್ದ. ಅವರವ್ವ ಆಕಿದ್ದು, ತೆಗೆಯಾಕ್ ಬತ್ತಿರ್ಲಿಲ್ಲ," ಎಂದಳು. ಆಮೇಲೆ ತಾನೇ ಹೆದರಿದವಳಂತೆ, "ಇಲ್ಲ ಬುಡಿ, ಬತ್ತೇರಿಲವ್ನೆ," ಎಂದು ಕೈ ತೊಳೆಯಲು ಹೋದಳು.

ಬದುಕಿದ್ದಾನೆ ಎಂದು ಸಾಧಿಸಲು ಬಾಡಿಗೆಗೆ ಕೊಟ್ಟ ಹರಿಗೋಲೇ ಅವನನ್ನು ನೀರಿನೊಳಗಿಂದ ಎತ್ತಿ ತರಬಹುದು. ಅದು ಅವಳಿಗೆ ಗೊತ್ತಿತ್ತು. ಎಲ್ಲಿಯೂ ಬಿಡದೆ ಕೆರೆಯನ್ನೆಲ್ಲ ಜಾಲಾಡುವವರು ನಮ್ಮಷ್ಟು ಹುಚ್ಚರು ಇನ್ನಾರೂ ಸಿಗುತ್ತಿರಲಿಲ್ಲ.

ಹರಿಗೋಲಿನಲ್ಲಿ ಕೂರುವುದು ನನಗೆ ಯಮಯಾತನೆ. ಅದು ನೆಟ್ಟಗೆ ಹೋಗುವುದಿಲ್ಲ, ತಿರುಗುತ್ತದೆ. ತಿರುಗುತ್ತ ತಿರುಗುತ್ತ ಸರಿಯುತ್ತಿದ್ದುದು ಮಾತ್ರ ತೂಬಿನ ಕಡೆಗೆ. ಮೈದ ಹುಟ್ಟನ್ನು ಬಲವಾಗಿ ಹಾಕಿ ತಿರುಗಿಸುತ್ತಿದ್ದ, ಸ್ವಲ್ಪ ಹೊತ್ತಿಗೆ ಮತ್ತೆ ಅತ್ತಲೇ. ಸಾಹೇಬರಿಗೆ ಹೇಳಿದರೆ ಗಾಳಿ ಎಂದರು. ಗಾಳಿಯೇ ಇರಬೇಕು; ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ದಿನವೂ ಬೀಸುತ್ತಿತ್ತು. ಆದರೆ ಗಾಳಿ ನಿಂತ ದಿನವೂ ಮೈದ ಹಲ್ಲು ಕಚ್ಚಿ ಹುಟ್ಟು ಹಾಕುತ್ತಿದ್ದುದನ್ನು ನಾನು ಕಂಡಿದ್ದೇನೆ.

ಒಮ್ಮೆ ಕಲ್ಲಿನ ಕಡೆ ಬಲೆ ಸಿಕ್ಕಿಕೊಂಡಿತು. ನಾನು ಕೊಯ್ದುಬಿಡು ಎಂದೆ. ಅವನು ನನ್ನನ್ನು ಕೆಟ್ಟ ಮಾತಾಡಿದವನನ್ನು ನೋಡುವಂತೆ ನೋಡಿದ. "ಬಲೆ ಕೊಯ್ತಾರಾ ಸ್ವಾಮಿ? ನಮ್ ಅತ್ಗೆ ಒಂದ್ ಮಳೆಗಾಲ ಪೂರ್ತಿ ಎಣೆದವ್ಳೆ." ಹಾಗೆಂದವನೇ ಧುಮುಕಿ, ಮುಳುಗಿ, ಬಿಡಿಸಿಕೊಂಡು ನಗುತ್ತ ಮೇಲೆ ಬಂದ. ಆ ಬೀದಿಯವರು ಯಾರೂ ಬಲೆ ಕೊಯ್ಯುವುದಿಲ್ಲ. ಕಲ್ಲಿರಲಿ, ಮುಳ್ಳಿರಲಿ, ಮುಳುಗಿ ಬಿಡಿಸುತ್ತಾರೆ.

ಕೊನೆಗೆ ಉಳಿದದ್ದು ತೂಬಿನ ಮಡುವಿನ ಚೌಕ ಮತ್ತು ಅದರ ಮಗ್ಗುಲಿನದು. ಮೈದ ಆಗುವುದಿಲ್ಲ ಎಂದ. ಸಾಹೇಬರು ರೇಗಿದರು. ಅವರ ರೇಗಾಟಕ್ಕೆ ಜಗ್ಗದವನು ಅತ್ತಿಗೆಯ ಒಂದು ಮಾತಿಗೆ ಜಗ್ಗಿದ. "ಓಗು," ಎಂದಳು, ಅಷ್ಟೇ. ಸಂಜೆ ಬಲೆ ಬಿಟ್ಟು ಬಂದೆವು.

ಬೆಳಿಗ್ಗೆ ಸೂರ್ಯ ಏರಿಯ ಮೇಲೆ ಬಂದಿದ್ದ. ನೀರು ಒಂದಿಷ್ಟೂ ಅಲುಗುತ್ತಿರಲಿಲ್ಲ. ಹರಿಗೋಲಿನಲ್ಲಿ ನಾವಿಬ್ಬರೇ, ಏರಿಯ ಮೇಲೆ ಸಾಹೇಬರು ಮತ್ತು ಆಕೆ. ಮೈದ ಬಲೆಯನ್ನು ಮೇಲಿನಿಂದ ಎಳೆಯುತ್ತ ಬಂದ. ಮೀನೇನೂ ಇರಲಿಲ್ಲ. ಅರ್ಧ ಬಂದದ್ದು ನಿಂತಿತು. ಅವನು ಎಳೆದ, ಬರಲಿಲ್ಲ. "ನೀವೂ ಇಡ್ಕೊಳಿ ಸ್ವಾಮಿ," ಎಂದ. ನಾನು ಹಗ್ಗ ಹಿಡಿದೆ.

ಅದು ಕಲ್ಲಿನ ಹಾಗೆ ಇರಲಿಲ್ಲ. ಕಲ್ಲು ಜಪ್ಪಯ್ಯ ಎನ್ನುವುದಿಲ್ಲ. ಇದು ಎಳೆದರೆ ಒಂದು ಮೊಳ ಮೇಲೆ ಬರುತ್ತಿತ್ತು, ಕೈ ಸಡಿಲಿಸಿದರೆ ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು. ಮಲಗಿದವರನ್ನು ರಟ್ಟೆ ಹಿಡಿದು ಎಬ್ಬಿಸುವಾಗ ಕೈಗೆ ಆಗುವ ಭಾರ ಅದು. ಇದನ್ನು ಬರೆಯುವಾಗಲೂ ನನ್ನ ಅಂಗೈಗೆ ಅದು ಗೊತ್ತಾಗುತ್ತಿದೆ. ನನಗೆ ಭಯವಾಯಿತು, ಹೇಳಲು ನಾಚಿಕೆಯಿಲ್ಲ. ಮೈದ ಹರಿಗೋಲಿನ ಅಂಚಿಗೆ ಬಾಗಿ, ನೀರಿಗೆ ಮುಖ ತಾಗುವಷ್ಟು ಹತ್ತಿರದಿಂದ ಕೆಳಗೆ ನೋಡಿದ. "ಅಣ್ಣಾ," ಎಂದ, ಮೆಲ್ಲಗೆ. ನನ್ನನ್ನು ಅವನು ಒಂದು ದಿನವೂ ಅಣ್ಣ ಎಂದವನಲ್ಲ, ಸ್ವಾಮಿ ಎನ್ನುತ್ತಿದ್ದ.

ಮರುಕ್ಷಣ ಸೊಂಟದ ಚೂರಿ ತೆಗೆದು ಬಲೆಯನ್ನು ಕೊಯ್ದುಬಿಟ್ಟ. ಕೆಳಗಿನ ಭಾಗ ಮಡುವಿಗೆ ಇಳಿದುಹೋಯಿತು. ನಾನು ಅವನ ತೋಳು ಹಿಡಿದುಕೊಂಡೆ. ಅವನು ಅಳುತ್ತಿದ್ದ. "ಅತ್ಗೆಗೆ ಗೊತ್ತಾಗ್ಬಾರ್ದು ಸ್ವಾಮಿ. ಅವ್ಳು ಬಳೆ ಆಕ್ಕೊಂಡೇ ಇರ್ಲಿ," ಎಂದ.

ದಡಕ್ಕೆ ಬಂದಾಗ ಸಾಹೇಬರು ಬಲೆ ಏನಾಯಿತು ಎಂದರು. "ಕಲ್ಲಿಗೆ ಸಿಕ್ಕಾಕೊಂಡ್ತು ಸ್ವಾಮಿ, ಕೊಯ್ದೆ," ಎಂದ ಮೈದ, ಅತ್ತಿಗೆಯ ಕಡೆ ನೋಡದೆ. ಸಾಹೇಬರು ತಲೆದೂಗಿದರು. ಬೇರೆ ಯಾರಾದರೂ ಆ ಮಾತನ್ನು ನಂಬುತ್ತಿದ್ದರು. ಆಕೆ ಬೆಸ್ತರ ಮನೆಯಲ್ಲಿ ಹುಟ್ಟಿ ಬೆಸ್ತರ ಮನೆಗೆ ಬಂದವಳು. ಕೆಳಗಿಳಿದು ಬಲೆಯ ಅಂಚನ್ನು ಎತ್ತಿಕೊಂಡಳು. ತನ್ನ ಕೈಯಾರೆ ಹಾಕಿದ ಗಂಟುಗಳ ನಡುವೆ ಚೂರಿ ಹಾದುಹೋದ ಗುರುತನ್ನು ಹೆಬ್ಬೆರಳಿನಿಂದ ಸವರಿದಳು. ಮೈದನ ಮುಖ ನೋಡಿದಳು. ಬಲೆ ಮಡಿಸಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳು.

ಮಾರನೆಯ ದಿನ ನಾವು ಉಳಿದ ಒಂದು ಚೌಕ ಮುಗಿಸಲೆಂದು ಬಂದೆವು. ಹುಣಸೆಮರದ ಕೆಳಗೆ ಹೆಂಗಸರು ಗುಂಪುಗೂಡಿದ್ದರು. ಹರಿಗೋಲು ಬೋರಲಾಗಿ ಬಿದ್ದಿತ್ತು, ಚರ್ಮ ಅಂಚಿನಿಂದ ಅಂಚಿಗೆ ಸೀಳಿತ್ತು, ಒಳಗಿನ ಬಿದಿರು ಕಾಣುತ್ತಿತ್ತು. ಅವಳೇ ಕೊಯ್ದಿದ್ದಳು. ಪಕ್ಕದಲ್ಲಿ ಹಸಿರು ಬಳೆಯ ಚೂರುಗಳು. ಆಕೆ ಮರಕ್ಕೆ ಒರಗಿ ಕೂತಿದ್ದಳು, ಹಣೆ ಬರಿದಾಗಿತ್ತು. ಸಾಹೇಬರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕೆಲಸ ಅಲ್ಲಿಗೇ ನಿಂತಿತು. ಮಡುವಿನ ಚೌಕದಲ್ಲಿ ಏನು ಬರೆಯಬೇಕು ಎಂದು ನಾನು ಬಸ್ಸಿನಲ್ಲಿ ಕೇಳಿದ್ದಕ್ಕೆ ಅವರು ಕಿಟಕಿಯ ಕಡೆ ತಿರುಗಿದರು, ಬರಿ ಬಲೆಯೂ ಉತ್ತರವೇ ಎಂಬ ಮಾತನ್ನು ಮತ್ತೆ ಆಡಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಬಸ್ ನಿಲ್ದಾಣದಲ್ಲಿ ಕೈ ನೋಡುತ್ತ ನಿಲ್ಲುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಕೆರೆಯ ತೂಬು ಸೋರುತ್ತದೆಂದು ದುರಸ್ತಿಗೆ ತೆಗೆದುಕೊಂಡರು. ದುರಸ್ತಿಗಾಗಿ ನೀರನ್ನೆಲ್ಲ ಹೊರಗೆ ಬಿಟ್ಟರು. ನಾನು ಗುಂಡ್ಲುಪೇಟೆಗೆ ಹೊರಟವನು, ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಈ ಸುದ್ದಿ ಕಿವಿಗೆ ಬಿತ್ತು. ಅಲ್ಲೇ ಇಳಿದುಬಿಟ್ಟೆ. ಕೆರೆಯ ದಾರಿ ಹಿಡಿದೆ.

ಕೆರೆಯ ಅಂಗಳದಲ್ಲಿ ಊರಿಗೆ ಊರೇ ಕೆಸರಿನಲ್ಲಿ ಮೀನು ಬಾಚುತ್ತಿತ್ತು. ತೂಬಿನ ಹತ್ತಿರ ಮಾತ್ರ ಯಾರೂ ಇರಲಿಲ್ಲ. ಮಡುವಿನಲ್ಲಿ ಮೈದ ತೊಡೆಯುದ್ದ ಕೆಸರಿನಲ್ಲಿ ನಿಂತಿದ್ದ. ಅವನ ಎದುರಿಗೆ ಒಂದು ಮರದ ತೊಲೆ. ಯಾವ ಕಾಲದಲ್ಲೋ ಹಳೆಯ ತೂಬಿನಿಂದ ಮುರಿದು ಬಿದ್ದದ್ದು, ಒಂದು ತುದಿ ಹೂತಿತ್ತು, ಇನ್ನೊಂದು ತುದಿ ಬಿಡುಬೀಸಾಗಿತ್ತು. ಆ ತುದಿಗೆ ನಮ್ಮ ಬಲೆ ಸುತ್ತಿಕೊಂಡಿತ್ತು. ಮೈದ ನನ್ನನ್ನು ನೋಡಿದ. ತೊಲೆಯನ್ನು ಹಿಡಿದು ಎತ್ತಿದ, ಒಂದು ಮೊಳ ಮೇಲೆ ಬಂತು. ಬಿಟ್ಟ, ಮೆಲ್ಲಗೆ ಕೆಳಗೆ ಹೋಯಿತು.

ಅವನು ಬೆಳಗಿನಿಂದ ಕೆಸರಿಗೆ ಕೈ ಹಾಕಿ ಹುಡುಕುತ್ತಿದ್ದನಂತೆ. ನಾನೂ ಪಂಚೆ ಎತ್ತಿ ಕಟ್ಟಿ ಇಳಿದೆ. ಸಂಜೆಯವರೆಗೆ ಇಬ್ಬರೂ ಕೆಸರನ್ನು ಬೆರಳಿನಲ್ಲಿ ಸೋಸಿದೆವು. ಒಂದು ಮೂಳೆಯೂ ಸಿಗಲಿಲ್ಲ. ಮೂಳೆ ಬೇಕಾದರೆ ಕರಗಿರಬಹುದು, ಮೀನು ಎಳೆದಿರಬಹುದು, ಇನ್ನೂ ಆಳಕ್ಕೆ ಇಳಿದಿರಬಹುದು. ಬೆಳ್ಳಿಯ ಕಡಗ ಕರಗುವುದಿಲ್ಲ. ಅದೂ ಸಿಗಲಿಲ್ಲ.

ತಲೆ ಎತ್ತಿದಾಗ ಆಕೆ ಹತ್ತಿರದಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಕೆಸರಿಗೆ ಇಳಿದು ಬಂದು, ತೊಲೆಗೆ ಸುತ್ತಿದ್ದ ಬಲೆಯನ್ನು ಅವಸರವಿಲ್ಲದೆ ಬಿಡಿಸಿದಳು, ಕೊಳೆತಿದ್ದರೂ ಒಂದು ಎಳೆಯನ್ನೂ ಕೀಳದೆ. ಮೈದ, "ಅತ್ಗಮ್ಮ, ನಾನು..." ಎಂದವನು ಕೆಸರಿನಲ್ಲೇ ಕುಸಿದು ಕೂತ. ಅವಳು ಅವನ ತಲೆಯ ಮೇಲೆ ಕೈ ಇಟ್ಟಳು, ಬೈಯಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದಳು. "ಇಲ್ಲಿಲ್ಲ ಅಲ್ವಾ ಸ್ವಾಮಿ?"

"ಇಲ್ಲಮ್ಮ."

ಅವಳು ಬಲೆಯನ್ನು ತೋಳಿಗೆ ಸುತ್ತಿಕೊಳ್ಳುತ್ತ, ಬತ್ತೇರಿಯ ರಸ್ತೆ ಇರುವ ದಿಕ್ಕನ್ನು ನೋಡಿದಳು. ಮತ್ತೆ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು.

"ಅಂಗಾರೆ ಬಂದ್ರೂ ಬರ್ಬೋದು," ಎಂದಳು. "ಬಂದ್ರೆ, ಈ ಬರೀ ಕೈಲಿ ಎಂಗ್ ಬಾಗ್ಲು ತೆಗೀಲಿ ಸ್ವಾಮಿ?"